ಕಮಲಾ ಭತ್ತ ಬಿಟಿ ಹತ್ತಿಯಲ್ಲ

ಜೀನೋಮ್ ಎಡಿಟಿಂಗ್ (ಗಿಡದ ಸ್ವಂತ ಜೀನನ್ನೇ ತಿದ್ದುವ ತಂತ್ರ) ಮಾಡಿದ ಭತ್ತವೂ ಬಿಟಿ ಹತ್ತಿಯೂ ಒಂದೇ ಎಂದು ಒಂದು ಲೇಖನದಲ್ಲಿ ಓದಿದೆ. ಇದನ್ನು ನಾನು ಒಪ್ಪುವುದಿಲ್ಲ. ಬಿಟಿ ಹತ್ತಿಗೆ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದಾರೆ. 2025ರ ಮೇ ತಿಂಗಳಲ್ಲಿ ಘೋಷಿಸಿದ ಕಮಲಾ ತಳಿಯಲ್ಲಿ ಅಂಥದ್ದೇನೂ ಇಲ್ಲ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯವರು ಸಾಂಬಾ ಮಸೂರಿಯದ್ದೇ ಒಂದು ಜೀನನ್ನು ಚೂರು ಬದಲಿಸಿದ್ದಾರೆ. ಆ ಜೀನಿನಿಂದ ತಯಾರಾಗುವ ಕಿಣ್ವ ಸೈಟೊಕೈನಿನ್ ಎಂಬ ಹಾರ್ಮೋನನ್ನು ಒಡೆಯುತ್ತದೆ. ಆ ಕಿಣ್ವದ ಕೆಲಸ ತಗ್ಗಿದರೆ ಹಾರ್ಮೋನು ಹೆಚ್ಚು ಉಳಿದು, ತೆನೆಯಲ್ಲಿ ಕಾಳು ಜಾಸ್ತಿ ಕಟ್ಟುತ್ತವೆ.

ಸಾಂಬಾ ಮಸೂರಿ ಅಂದರೆ ನಮ್ಮ ಗಂಗಾವತಿ, ಸಿಂಧನೂರು ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಬಿಪಿಟಿ 5204. ಕಮಲಾ ಅದಕ್ಕಿಂತ ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎಂದು ಸಂಸ್ಥೆ ಹೇಳಿದೆ. ನನಗೆ ಇಳುವರಿಗಿಂತ ಇದೇ ದೊಡ್ಡ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಗದ್ದೆಗಳನ್ನು ನೋಡಿದವರಿಗೆ ಗೊತ್ತು. ಎಷ್ಟೋ ಸಲ ತೆನೆ ಹಾಲುಗಟ್ಟುವ ಹೊತ್ತಿಗೇ ನೀರು ನಿಂತು, ಕಾಳು ಜೊಳ್ಳಾಗುತ್ತದೆ. ಅಲ್ಲಿ ಎರಡು ಮೂರು ನೀರು ಉಳಿದರೂ ಬೆಳೆ ಕೈಗೆ ಸಿಕ್ಕೀತು, ಅಲ್ವಾ?

ಹಾಗಂತ ಸುಮ್ನೆ ನಂಬಿ ಅನ್ನುತ್ತಿಲ್ಲ. ಇಂಥ ತಳಿಗಳಿಗೆ 2022ರಲ್ಲೇ ಕೇಂದ್ರ ಸರ್ಕಾರ ಜಿಎಂ (ಕುಲಾಂತರಿ) ಬೆಳೆಗಳ ಕಟ್ಟುನಿಟ್ಟಿನ ನಿಯಮಗಳಿಂದ ವಿನಾಯಿತಿ ಕೊಟ್ಟಿದೆ. ಆದ್ದರಿಂದಲೇ ಪ್ರಯೋಗದ ಅಂಕಿಅಂಶಗಳನ್ನು ಪೂರ್ತಿ ಬಹಿರಂಗಪಡಿಸಬೇಕು. ಕಮಲಾದ ಜೀನ್ ತಿದ್ದಲು ಬಳಸಿದ ಕ್ರಿಸ್ಪರ್ ತಂತ್ರದ ಮುಖ್ಯ ಪೇಟೆಂಟುಗಳು ವಿದೇಶಿಯರ ಕೈಯಲ್ಲಿವೆ. ಹಾಗಾಗಿ ರೈತ ತನ್ನ ಗದ್ದೆಯ ಭತ್ತವನ್ನೇ ಮುಂದಿನ ಬೀಜಕ್ಕೆ ಎತ್ತಿಡಬಹುದು ಎಂದು ಸರ್ಕಾರ ಬರೆದು ಕೊಡಲಿ. ಪ್ರಾತ್ಯಕ್ಷಿಕೆಗಳನ್ನು ಕಾಲುವೆಯ ಕೊನೆಯ ಹಳ್ಳಿಗಳಲ್ಲೂ ಮಾಡಲಿ.