ಅಡ್ಡಗಾಲಿಗೆ ಈಗ ಕಾಲು ನೋಯುವುದಿಲ್ಲ

ಆಗುವ ಕೆಲಸಕ್ಕೆ ಕಲ್ಲು ಹಾಕುವುದರಲ್ಲಿ ತಾವೇ ನಿಸ್ಸೀಮರು ಎಂದುಕೊಂಡವರು ಒಮ್ಮೆ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಕಡೆ ನೋಡಬೇಕು. ಅಲ್ಲಿ ಇದಕ್ಕೆ ‘ಫಿಲಿಬಸ್ಟರ್’ ಮಾಡುವುದು ಎನ್ನುತ್ತಾರೆ. ಹಿಂದೆ ಕಡಲ್ಗಳ್ಳರಿಗಿದ್ದ ಹೆಸರಂತೆ. ಸೂಟು ಹಾಕಿಸಿ ಸದನದೊಳಗೆ ಕೂರಿಸಿದ್ದಾರೆ.

ಮೊದಲೆಲ್ಲ ಇದು ಮೈಮುರಿಯುವ ದುಡಿಮೆ. ಬೇಡದ ಮಸೂದೆ ಬಂದರೆ ಎದ್ದು ನಿಂತು ಮಾತಾಡುತ್ತಲೇ ಇರಬೇಕು; ಮಾತು ಮುಗಿಯದೆ ಮಸೂದೆಯನ್ನು ಮತಕ್ಕೆ ಹಾಕುವಂತಿಲ್ಲ. ಕೂತರೆ ಮುಗಿಯಿತು, ಹೊರಗೆ ಹೋದರೂ ಮುಗಿಯಿತು. ಏನು ಮಾತಾಡಬೇಕು ಅನ್ನುವುದಕ್ಕೆ ಮಾತ್ರ ಹಂಗಿಲ್ಲ. 1935ರಲ್ಲಿ ಸೆನೆಟರ್ ಹ್ಯೂಯಿ ಲಾಂಗ್ 15 ಗಂಟೆಗೂ ಹೆಚ್ಚು ಹೊತ್ತು ಒದರಿ, ಸಿಂಪಿಯನ್ನು ಎಣ್ಣೆಯಲ್ಲಿ ಕರಿಯುವ ಬಗೆಯನ್ನೂ ಸದನದ ಕಡತಕ್ಕೆ ಸೇರಿಸಿದರು. ಕೊನೆಗೆ ಅವರು ನಿಲ್ಲಿಸಿದ್ದು ದೇಹಬಾಧೆ ತಡೆಯಲಾರದೆ. ಇಡೀ ಸೆನೆಟ್ಟಿನ ಕೈಲಾಗದ್ದನ್ನು ಒಂದು ಮೂತ್ರಕೋಶ ಮಾಡಿತು.

1957ರ ಹೊತ್ತಿಗೆ ಸ್ಟ್ರಾಮ್ ಥರ್ಮಂಡ್ ಸಿದ್ಧರಾಗಿಯೇ ಬಂದರು. ಕಪ್ಪುಜನರ ಮತದಾನದ ಹಕ್ಕನ್ನು ಕಾಯುವ ಮಸೂದೆಯನ್ನು ತಡೆಯಬೇಕಿತ್ತಲ್ಲ! ಹಬೆಸ್ನಾನ ಮಾಡಿ ಮೈಯೊಳಗಿನ ನೀರನ್ನೆಲ್ಲ ಇಳಿಸಿಕೊಂಡಿದ್ದರು. ಪರರಿಗೆ ಮತ ಹಾಕುವ ಹಕ್ಕು ಸಿಗಬಾರದೆಂದು ಈ ಮಹಾನುಭಾವರು ಓದಿದ್ದೇನು? ಒಂದೊಂದು ರಾಜ್ಯದ ಚುನಾವಣಾ ಕಾನೂನು! 24 ಗಂಟೆ 18 ನಿಮಿಷ ಓದಿದರು. ಅವರು ಕೂತು ಸುಮಾರು ಎರಡು ಗಂಟೆಯಾಗುವಷ್ಟರಲ್ಲಿ ಮಸೂದೆ 60–15 ಮತಗಳಿಂದ ಪಾಸಾಯಿತು.

ಇಷ್ಟು ಕಷ್ಟ ಯಾಕೆಂದು ಆಮೇಲಿನವರಿಗೆ ಅನ್ನಿಸಿರಬೇಕು. 1970ರ ದಶಕದಲ್ಲಿ ಒಂದು ಉಪಾಯ ಬಂತು: ತಗಾದೆಯ ಮಸೂದೆಯನ್ನು ಬದಿಗೆ ನಿಲ್ಲಿಸಿ ಉಳಿದ ಕೆಲಸ ಸಾಗಿಸುವುದು. ಇದರಿಂದ ತಡೆಯುವವರ ಗಂಟಲೂ ಉಳಿಯಿತು, ಮೊಣಕಾಲೂ ಉಳಿಯಿತು. ‘ನಮ್ಮ ತಕರಾರಿದೆ’ ಎಂದು ನಾಯಕರಿಗೆ ತಿಳಿಸಿ ಮನೆಗೆ ಹೋಗಿ ಮಲಗಬಹುದು. ಚರ್ಚೆ ಮುಗಿಸಿ ಮತಕ್ಕೆ ಹಾಕಬೇಕಾದರೆ 60 ಮಂದಿಯ ಒಪ್ಪಿಗೆ ಬೇಕು, 1975ರಿಂದ ಇದೇ ಲೆಕ್ಕ. ಆರಂಭವೇ ಆಗದ ಚರ್ಚೆಯನ್ನು ಮುಗಿಸುವುದಕ್ಕೂ 60! ನೂರು ಜನರ ಸದನದಲ್ಲಿ 59 ಮಂದಿ ಬೇಕೆಂದರೆ ಅದು ಅಲ್ಪಮತ, 41 ಮಂದಿ ಬೇಡವೆಂದರೆ ಅದು ಬಹುಮತ. ಗಣಿತದ ಮೇಷ್ಟ್ರು ಕ್ಷಮಿಸಬೇಕು.

ತೆಗೆದುಹಾಕಬಾರದೇ ಎಂದರೆ, ಆಡಳಿತದಲ್ಲಿದ್ದಾಗ ಇದು ಪ್ರಜಾಪ್ರಭುತ್ವದ ಕೊಲೆ. ಎದುರು ಸಾಲಿಗೆ ಬಂದಾಗ ಅದೇ ಪ್ರಜಾಪ್ರಭುತ್ವದ ಪ್ರಾಣ. ಎರಡೂ ಪಕ್ಷಗಳಿಗೆ ಎರಡೂ ಭಾಷಣ ಬಾಯಿಪಾಠ.

ನಿಂತು ಮಾತಾಡುವವರೇ ಇಲ್ಲವೆಂದಲ್ಲ. 2025ರಲ್ಲಿ ಕೋರಿ ಬುಕರ್ 25 ಗಂಟೆ 5 ನಿಮಿಷ ಮಾತಾಡಿ ಥರ್ಮಂಡ್ ದಾಖಲೆಯನ್ನು ಮುರಿದರು. ಅಷ್ಟು ಹೊತ್ತು ನಿಂತು ತಡೆದ ಮಸೂದೆ ಯಾವುದು ಎಂದು ಕೇಳಬೇಡಿ. ಒಂದೂ ಇಲ್ಲ.