ಆ ಬೂದು ಗಿಳಿ ಆಫ್ರಿಕಾದ್ದಲ್ಲ, ನಮ್ಮ ಘಟ್ಟದ್ದೇ

"ಮಡಿಕೇರಿ ಕಡೆ ಕಾಫಿ ತೋಟಕ್ಕೆ ಆಫ್ರಿಕಾದ ಬೂದು ಗಿಳಿ ಬಂದಿದೆ, ಪಂಜರದಿಂದ ತಪ್ಪಿಸಿಕೊಂಡದ್ದು, ಹಿಡಿದವರಿಗೆ ಒಳ್ಳೆ ದುಡ್ಡು" ಅಂತ ಫೋಟೋ ಸಮೇತ ಒಂದು ವಾಟ್ಸಾಪ್ ಮೆಸೇಜು ಓಡಾಡುತ್ತಿದೆ. ನನಗೇ ಮೂರು ಕಡೆಯಿಂದ ಬಂತು. ಸುದ್ದಿ ತಪ್ಪು.

ಫೋಟೋದಲ್ಲಿರುವುದು ನೀಲಿ ರೆಕ್ಕೆಯ ಗಿಳಿ, ಅಂದರೆ ಮಲಬಾರ್ ಪ್ಯಾರಾಕೀಟ್. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗದ ಹಕ್ಕಿ. ವಿದೇಶಿ ಅಂದರೆ ಪಾಪ ಅದಕ್ಕೇ ನಗು ಬಂದೀತು!

ಗೊಂದಲಕ್ಕೆ ಕಾರಣ ಕೊಕ್ಕು. ಗಂಡಿನ ಮೇಲ್ಗೊಕ್ಕು ಕೆಂಪು, ಕುತ್ತಿಗೆಯಲ್ಲಿ ಕಪ್ಪು ಪಟ್ಟಿ, ಅದರ ಕೆಳಗೆ ಹೊಳೆಯುವ ನೀಲಿ-ಹಸಿರು ಪಟ್ಟಿ. ಹೆಣ್ಣಿಗೆ ಆ ಎರಡನೇ ಪಟ್ಟಿ ಇಲ್ಲ, ಕೊಕ್ಕೂ ಕಪ್ಪು. ಫೋಟೋದಲ್ಲಿ ಕೂತಿರುವುದು ಹೆಣ್ಣು. ಬೂದು ಮೈ, ಕಪ್ಪು ಕೊಕ್ಕು ನೋಡಿ ಯಾರೋ ಆಫ್ರಿಕಾಕ್ಕೆ ಕಳಿಸಿಬಿಟ್ಟಿದ್ದಾರೆ. ಬಾಲ ನೋಡಿದ್ದರೆ ಸಾಕಿತ್ತು: ಆಫ್ರಿಕಾದ್ದಕ್ಕೆ ಮೋಟು ಕೆಂಪು ಬಾಲ, ಇದಕ್ಕೆ ಉದ್ದನೆಯ ನೀಲಿ ಬಾಲ, ತುದಿ ಹಳದಿ.

ತೋಟಕ್ಕೆ ಬರುವುದೂ ಹೊಸದೇನಲ್ಲ. ನೆರಳಿಗೆ ಬೆಳೆಸಿದ ಹಾಲುವಾಣ ಹೂ ಬಿಟ್ಟಾಗ ಮಕರಂದಕ್ಕೆ ಕಿರುಚುತ್ತಾ ಗುಂಪಾಗಿ ಬರುತ್ತವೆ. ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ಮರದ ಪೊಟರೆಗಳಲ್ಲಿ ಗೂಡು. ಮರಕುಟಿಗ ಕೊರೆದು ಬಿಟ್ಟ ತೂತಾದರೂ ನಡೆಯುತ್ತದೆ.

ಇನ್ನು ದುಡ್ಡಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಬಹುಮಾನದ ಬದಲು ಕೇಸು ಬೀಳುತ್ತದೆ. ಮೆಸೇಜು ಬಂದ ಗುಂಪಿಗೇ ಇದನ್ನೂ ಹಾಕಿ.