ಡೀಮನ್ ಬೇರೆ, ಡೆವಿಲ್ ಬೇರೆ: ಒಂದು ಸ್ಪಷ್ಟನೆ

ಬೆಳಗಾವಿಯಲ್ಲಿ ರವಿವಾರ ಸಂಜೆ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ದಾಳ ಹಾಕಿ ಆಡುವ ಕಥೆಯಾಟ) ಆಡುವ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಓಡಾಡುತ್ತಿದೆ: "ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಡೀಮನ್, ಡೆವಿಲ್, ರಾಕ್ಷಸ, ವ್ಯಾಂಪೈರ್ ಎಲ್ಲ ಒಂದೇ ಜಾತಿ." ಇದು ತಪ್ಪು.

ಆಟದ ನಿಯಮಗಳ 2014ರ ಐದನೇ ಆವೃತ್ತಿಯಲ್ಲಿ ಮೊದಲ ಮೂರೂ 'ಫೀಂಡ್' ಎಂಬ ದುಷ್ಟ ಜೀವಿಗಳ ದೊಡ್ಡ ಗುಂಪಿಗೆ ಸೇರುತ್ತವೆ. ವ್ಯಾಂಪೈರ್ ಸೇರುವುದಿಲ್ಲ. ಅದು ಸತ್ತು ಎದ್ದದ್ದು, ಅಂದರೆ ಅನ್‌ಡೆಡ್.

ಗೊಂದಲ ಜಾಸ್ತಿ ಇರುವುದು ಫೀಂಡ್‌ಗಳ ಒಳಗೇ. ಡೀಮನ್‌ಗಳ ಊರು ಅಬಿಸ್ ಎಂಬ ಪಾತಾಳ. ಅವಕ್ಕೆ ಕಟ್ಟಳೆ ಇಲ್ಲ, ಕಂಡದ್ದನ್ನೆಲ್ಲ ಹಾಳು ಮಾಡುವುದೇ ಕೆಲಸ. ಡೆವಿಲ್‌ಗಳದ್ದು ಒಂಬತ್ತು ನರಕ. ಅಲ್ಲಿ ಮೇಲಿನ ಸಾಹೇಬ, ಕೆಳಗಿನ ಆಳು, ಕರಾರುಪತ್ರ ಎಲ್ಲ ಉಂಟು (ನಿಮ್ಮ ಆಫೀಸು ನೆನಪಾದರೆ ನಾನು ಹೊಣೆಯಲ್ಲ). ಇವೆರಡರ ನಡುವೆ ಮುಗಿಯದ ಯುದ್ಧ. ದುಡ್ಡು ಕೊಟ್ಟವರ ಪರ ಕಾದುವ ಯುಗೊಲಾಥ್‌ಗಳು ಮತ್ತೊಂದು ಗುಂಪು. ಪುಟ್ಟ ಇಂಪ್ ಡೆವಿಲ್, ಅಷ್ಟೇ ಪುಟ್ಟ ಕ್ವಾಸಿಟ್ ಡೀಮನ್. ಮೊನ್ನೆ ನಾನೇ ಇವನ್ನು ಅದಲು ಬದಲು ಮಾಡಿದ್ದೆ!

ಇನ್ನು ರಾಕ್ಷಸ. ಆಟದಲ್ಲಿ ಅವನಿಗೆ ಸಾಮಾನ್ಯವಾಗಿ ಹುಲಿಮುಖ, ಅಂಗೈ ಹಿಂದುಮುಂದಾದ ಕೈ. ಮೂಲ ಒಂಬತ್ತು ನರಕವೇ ಆದರೂ ಅವನನ್ನು ಡೆವಿಲ್ ಎಂದು ಗುರುತಿಸಿಲ್ಲ, ಬರೀ ಫೀಂಡ್. ನಮ್ಮ ಬಯಲಾಟದ ರಾಕ್ಷಸನನ್ನು ಮನಸ್ಸಲ್ಲಿಟ್ಟುಕೊಂಡು ಓದಿದರೆ ಎಡವುತ್ತೀರಿ.

"ಒಂದೇ" ಅನ್ನಿಸಲು ಒಂದು ಕಾರಣ ಇದೆ. ಪ್ಯಾಲಡಿನ್ ಎಂಬ ವ್ರತಧಾರಿ ಯೋಧನ ದೈವೀ ಏಟು ಯಾವ ಫೀಂಡ್‌ಗೆ ಬಿದ್ದರೂ, ಅನ್‌ಡೆಡ್‌ಗೆ ಬಿದ್ದರೂ ಏಟಿನ ಪೆಟ್ಟು ಎಷ್ಟೆಂದು ಎಣಿಸಲು ಎಂಟು ಮುಖದ ಒಂದು ದಾಳ ಹೆಚ್ಚಿಗೆ ಹಾಕಬಹುದು. ಏಟಿನ ಲೆಕ್ಕ ಒಂದೇ, ಜಾತಿ ಒಂದೇ ಅಲ್ಲ.